ಸರಳ ಸಂಸಾರಕ್ಕೆ ಎಷ್ಟು ಕೈ ಬೇಕು?

ಕಳೆದ ಎಳ್ಳಮಾವಾಸ್ಯೆಗೆ ಹುಬ್ಬಳ್ಳಿಯ ನನ್ನ ಹಳೆಯ ನೆರೆಮನೆಯ ಗೆಳತಿ ಮಕ್ಕಳನ್ನು ಕರೆದುಕೊಂಡು ನಮ್ಮೂರಿಗೆ ಬಂದಿದ್ದಳು. ಬುಟ್ಟಿಯಲ್ಲಿ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಎಣ್ಣಿಗಾಯಿ ಬದನೇಕಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಮೊಸರಿನ ಗಡಿಗೆ ಹೊತ್ತುಕೊಂಡು ಹೊಲಕ್ಕೆ ಹೋದೆವು. ಚರಗ ಚೆಲ್ಲಿ, ಬನ್ನಿಗಿಡದ ನೆರಳಲ್ಲಿ ಊಟ ಮಾಡಿ, ಎಳೆಯ ಜೋಳದ ತೆನೆ ಸುಟ್ಟು ಸೀತೆನಿ ತಿಂದೆವು. ಸಂಜೆ ಮನೆಗೆ ಬಂದ ಮೇಲೆ ಆಕೆ ನಮ್ಮ ಮಾಳಿಗೆ ಮನೆಯ ಬೆಳಕಿಂಡಿ, ಗ್ವಾದಲಿಯಲ್ಲಿ ಮೆಲುಕು ಹಾಕುತ್ತಿದ್ದ ಎತ್ತು, ಮೂಲೆಯಲ್ಲಿ ಮಡಿಚಿಟ್ಟ ಕೌದಿ ಎಲ್ಲವನ್ನೂ ಕಣ್ಣರಳಿಸಿ ನೋಡಿ, "ಎಷ್ಟು ಸರಳ ಐತೆ ನಿಮ್ಮ ಜೀವನ! ಪುಣ್ಯ ಮಾಡೀಯವ್ವಾ ನೀನು. ನಾವೂ ಬಂದುಬಿಡೋಣ ಅಂತೀನಿ" ಎಂದಳು.

ನಾನು ನಕ್ಕು ಸುಮ್ಮನಾದೆ. ಹಬ್ಬದ ದಿನ ಬಂದವರಿಗೆ ಏನು ಹೇಳುವುದು? ಆದರೆ 'ಸರಳ' ಎಂಬ ಆ ಮಾತು ನನ್ನ ತಲೆಯಲ್ಲಿ ಕೊರೆಯುತ್ತಲೇ ಇತ್ತು. ಆಕೆಗೆ ಹೇಳದೆ ಬಿಟ್ಟದ್ದನ್ನು ನಿಮ್ಮೆದುರು ಹೇಳೋಣವೆಂದು ಬರೆಯುತ್ತಿದ್ದೇನೆ.

ನಮ್ಮ ತಳಕಲ್ಲು ಹುಬ್ಬಳ್ಳಿ–ಗುಂತಕಲ್ಲು ರೈಲು ಹಾದಿಯ ಒಂದು ಸಣ್ಣ ನಿಲ್ದಾಣ. ಇಲ್ಲಿಂದಲೇ ವಾಡಿಯ ಕಡೆಗೆ ಹೊಸ ಹಾದಿ ಕವಲೊಡೆಯುತ್ತದೆ; 2025ರ ಮೇ ತಿಂಗಳಿಂದ ಕುಷ್ಟಗಿವರೆಗೆ ಬಂಡಿ ಓಡುತ್ತಿದೆ. ಮೊದಲು ರಾಯಚೂರು ಜಿಲ್ಲೆ, 1997ರಿಂದ ಕೊಪ್ಪಳ ಜಿಲ್ಲೆ. ಮೊದಲು ಯಲಬುರ್ಗಾ ತಾಲೂಕು, ಈಗ ಕುಕನೂರು ತಾಲೂಕು. ಹೆಸರು ಬದಲಾದರೂ ಮಳೆ ಮಾತ್ರ ಬದಲಾಗಿಲ್ಲ. ಬಂದರೆ ಬಂತು, ಇಲ್ಲದಿದ್ದರೆ ಇಲ್ಲ. ಕರೀ ಎರೆಭೂಮಿ, ಹಿಂಗಾರಿ ಬೆಳೆ, ಬಿಳಿಜೋಳ, ಕಡಲೆ, ಕುಸುಬಿ. ಇಲ್ಲಿಯ ಜನ ಸರಳವಾಗಿ ಬದುಕಿದ್ದು ಯಾವ ಪುಸ್ತಕ ಓದಿ ಅಲ್ಲ. ಬೇರೆ ದಾರಿ ಇರಲಿಲ್ಲ.

ಪುಸ್ತಕ ಓದಿದವರು ನಮ್ಮ ಯಜಮಾನರು! ಹುಬ್ಬಳ್ಳಿಯಲ್ಲಿ ಅವರು ಖಾಸಗಿ ಕೆಲಸದಲ್ಲಿದ್ದರು. 2020ರಲ್ಲಿ ಕೊರೊನಾ ಬಂದು ಎಲ್ಲ ಬಾಗಿಲು ಹಾಕಿದಾಗ ಕೆಲಸ ಹೋಯಿತು. ಬಾಡಿಗೆ ಮನೆ ಬಿಟ್ಟು, ಎರಡು ಮಕ್ಕಳನ್ನು ಕಟ್ಟಿಕೊಂಡು, ಅತ್ತಿಯೊಬ್ಬರೇ ಇದ್ದ ಈ ಮನೆಗೆ ಬಂದೆವು. ಆರು ಎಕರೆ ಹೊಲ. ಅದರಲ್ಲಿ ನಾಲ್ಕು ಎಕರೆ ಎರಿ, ಎರಡು ಎಕರೆ ಮಸಾರಿ. ಒಂದು ವರ್ಷ ಇದ್ದು ನೋಡೋಣವೆಂದು ಬಂದವರು ಇಲ್ಲೇ ಉಳಿದೆವು. ಆಗ ನಮ್ಮವರಿಗೆ ಒಂದು ಹುಚ್ಚು ಹಿಡಿಯಿತು: ಅಂಗಡಿಯಿಂದ ಏನನ್ನೂ ತರಬಾರದು, ಎಲ್ಲವೂ ಮನೆಯಲ್ಲೇ ಆಗಬೇಕು. ಉಡುಪಿ ಜಿಲ್ಲೆಯ ಚೇರ್ಕಾಡಿ ರಾಮಚಂದ್ರರಾಯರು ಗಾಂಧೀಜಿಯ ದಾರಿ ಹಿಡಿದು ತುಂಡು ಭೂಮಿಯಲ್ಲಿ ಅನ್ನ, ಅರಿವೆ ಎರಡನ್ನೂ ತಾವೇ ಬೆಳೆದುಕೊಂಡರಲ್ಲ, ಅವರ ಕಥೆ ಹೇಳುವರು. ಅಮೆರಿಕದ ಸ್ಕಾಟ್ ಮತ್ತು ಹೆಲೆನ್ ನಿಯರಿಂಗ್ ಎಂಬ ದಂಪತಿಗಳ ಕಥೆ ಹೇಳುವರು. ಅವರು 1932ರಲ್ಲಿ ನ್ಯೂಯಾರ್ಕ್ ಬಿಟ್ಟು ವರ್ಮಾಂಟ್ ಎಂಬ ಗುಡ್ಡಗಾಡಿಗೆ ಹೋಗಿ, ಕಲ್ಲಿನ ಮನೆ ತಾವೇ ಕಟ್ಟಿ, ದಿನಕ್ಕೆ ನಾಲ್ಕು ತಾಸು ಮಾತ್ರ ಹೊಟ್ಟೆಗಾಗಿ ದುಡಿದು ಉಳಿದ ಹೊತ್ತು ಓದು, ಸಂಗೀತದಲ್ಲಿ ಕಳೆದರಂತೆ. 1954ರಲ್ಲಿ ಅವರು ಬರೆದ 'ಲಿವಿಂಗ್ ದ ಗುಡ್ ಲೈಫ್' ಪುಸ್ತಕ ಮುಂದೆ ಹಳ್ಳಿಗೆ ಮರಳುವವರ ಕೈಪಿಡಿಯಾಯಿತಂತೆ.

ಕೇಳಲು ಎಷ್ಟು ಚೆಂದ! ಆದರೆ ಆ ನಿಯರಿಂಗರ ಮನೆಯಲ್ಲಿ ದನ ಇರಲಿಲ್ಲ, ಸಾಲೆಗೆ ಕಳಿಸುವ ಕೂಸುಗಳಿರಲಿಲ್ಲ, ಜೋಳದ ರೊಟ್ಟಿಯಂತೂ ಇರಲಿಲ್ಲ. ಹೆಲೆನ್ ಬಾಯಿಯವರು 1980ರಲ್ಲಿ ಅಡುಗೆಯ ಪುಸ್ತಕವನ್ನೇ ಬರೆದರಾದರೂ ಒಲೆಯ ಮುಂದೆ ಕೂಡುವ ಹೊತ್ತು ಎಷ್ಟು ಕಡಿಮೆಯಾದರೆ ಅಷ್ಟು ಒಳ್ಳೆಯದು ಎಂಬುದೇ ಅವರ ಮತ. ಈ ಭಾಗವನ್ನು ನಮ್ಮವರು ಬಿಟ್ಟು ಓದಿದ್ದರೆಂದು ಕಾಣುತ್ತದೆ.

ಲೆಕ್ಕ ನೋಡಿದರೆ ನಮ್ಮ ಹೊಲ ನಮ್ಮನ್ನು ಸಾಕಬಲ್ಲದು. ಐದು ಜನರ ಮನೆಗೆ ದಿನಕ್ಕೆ ಎರಡು ಕಿಲೋ ಜೋಳದ ಹಿಟ್ಟು ಬೇಕು. ವರ್ಷಕ್ಕೆ ಏಳೂಕಾಲು ಕ್ವಿಂಟಲ್. ಬಂದವರು ಹೋದವರು ಸೇರಿ ಎಂಟು ಎನ್ನಿ. ಮಳೆ ಆಶ್ರಯದ ಎರಿಯಲ್ಲಿ ಎಕರೆಗೆ ನಾಲ್ಕು ಕ್ವಿಂಟಲ್ ಬಂದರೆ ಎರಡು ಎಕರೆಯಲ್ಲಿ ವರ್ಷದ ರೊಟ್ಟಿ ಕೈಗೆ ಬಂತು. ಬೀಜವೂ ಕೊಳ್ಳಬೇಕಿಲ್ಲ. ನಾವು ಹಾಕುವುದು ಎಂ 35-1, ಮಾಲದಂಡಿ ಜೋಳ. 1930ರ ದಶಕದಲ್ಲಿ ಸೊಲ್ಲಾಪುರ ಜಿಲ್ಲೆಯ ಮೋಹೋಳದಲ್ಲಿ ನಾಡತಳಿಯಿಂದ ಆರಿಸಿದ್ದು. 1964ರಲ್ಲಿ ಹೈಬ್ರಿಡ್ ಜೋಳ ಬಂದ ಮೇಲೂ ಹಿಂಗಾರಿಯಲ್ಲಿ ಇದನ್ನು ಬಿಡಲು ನಮ್ಮ ಕಡೆಯವರು ಒಪ್ಪಲಿಲ್ಲ. ರೊಟ್ಟಿ ಬಿಳುಪು, ದನಕ್ಕೆ ಕಣಿಕೆ ರುಚಿ. ಜೋಳದ ನಡುವೆ ಅಕ್ಕಡಿ ಸಾಲಿಗೆ ಕಡಲೆ, ಬದುವಿನ ಗುಂಟ ಮುಳ್ಳಿನ ಕುಸುಬಿ. ಆ ಮುಳ್ಳಿಗೆ ಹೆದರಿ ದನ ಬಾಯಿ ಹಾಕುವುದಿಲ್ಲ, ಕಾಳಿನಿಂದ ಗಾಣದ ಎಣ್ಣೆ ಬರುತ್ತದೆ, ಕುಸುಬಿ ಹಾಲಿನ ಹುಗ್ಗಿಯೂ ಆಗುತ್ತದೆ. ಮಸಾರಿಯಲ್ಲಿ ಸಜ್ಜಿ, ತೊಗರಿ, ಹೆಸರು, ಗುರೆಳ್ಳು. ಹಿತ್ತಲಲ್ಲಿ ಬಚ್ಚಲ ನೀರಿಗೆ ನುಗ್ಗಿ, ಬದನಿ, ಪುಂಡಿ, ಕರಿಬೇವು. ಎರಡು ಎತ್ತು, ಎರಡು ಎಮ್ಮೆ.

ಹೊಲವೇನೋ ಸಾಕಬಲ್ಲದು, ಆದರೆ ಕಾಳು ತಾನಾಗಿ ನಡೆದು ಬಂದು ತಾಟಿನಲ್ಲಿ ಕೂಡುತ್ತದೆಯೇ? ಹಸನು ಮಾಡಬೇಕು, ಕೇರಬೇಕು, ಬೀಸಬೇಕು, ನಾದಬೇಕು, ಬಡಿಯಬೇಕು. ನಮ್ಮವರ ಹುಕುಂ ಪ್ರಕಾರ ಮಿಕ್ಸರ್ ಅಟ್ಟ ಹತ್ತಿತು, ಒಳ್ಳು ಒನಕೆ ಕೆಳಗಿಳಿದವು. ಗಿರಣಿ ಬೇಡ, ಬೀಸುವ ಕಲ್ಲಿನ ಹಿಟ್ಟೇ ಆರೋಗ್ಯ. ಗ್ಯಾಸ್ ಬೇಡ, ಕುಳ್ಳು ಕಟ್ಟಿಗೆಯ ಒಲೆಯೇ ರುಚಿ. ಸಾಬೂನು ಬೇಡ, ಸೀಗೆಕಾಯಿ ಅಂಟವಾಳ ಸಾಕು. ಒಂದೊಂದು ಸಾಮಾನು ಮನೆಯಿಂದ ಹೊರಬಿದ್ದಾಗಲೂ ಮನೆ ಸರಳವಾಯಿತೆಂದು ಅವರು ಹಿಗ್ಗುತ್ತಿದ್ದರು. ಆ ಸಾಮಾನು ಮಾಡುತ್ತಿದ್ದ ಕೆಲಸ ಯಾರ ಕೈಗೆ ಬಂತೆಂದು ಅವರು ಕೇಳಲಿಲ್ಲ. ನಾನೂ ಹೇಳಲಿಲ್ಲ, ಅದು ನನ್ನ ತಪ್ಪು. ನೌಕರಿ ಕಳೆದುಕೊಂಡ ಗಂಡಸು ಏನೋ ಒಂದು ಉಮೇದಿನಲ್ಲಿದ್ದಾನೆ, ಯಾಕೆ ಮನಸ್ಸು ಮುರಿಯಲಿ ಎಂದುಕೊಂಡೆ.

ಎರಡನೆಯ ವರ್ಷದ ಸುಗ್ಗಿಯಲ್ಲಿ, ಕಣದಲ್ಲಿ ರಾಶಿ ತೂರುವ ಹೊತ್ತಿಗೆ, ಕಣ್ಣು ಕತ್ತಲೆ ಬಂದು ಬಿದ್ದುಬಿಟ್ಟೆ. ಬಿಸಿಲಿಗೆ ಆಗಿರಬೇಕೆಂದು ನಿಂಬೆಹಣ್ಣಿನ ಪಾನಕ ಕುಡಿಸಿದರು. ನಾಲ್ಕು ದಿನಕ್ಕೆ ಮತ್ತೆ ಬಿದ್ದೆ. ಕೊಪ್ಪಳದಲ್ಲಿ ತೋರಿಸಿದಾಗ ಡಾಕ್ಟರ್ ಬಾಯಿಯವರು ಕಣ್ಣಿನ ರೆಪ್ಪೆ ಜಗ್ಗಿ ನೋಡಿ ರಕ್ತ ಪರೀಕ್ಷೆಗೆ ಕಳಿಸಿದರು. ಹಿಮೋಗ್ಲೋಬಿನ್ ಹನ್ನೆರಡಾದರೂ ಇರಬೇಕಾದಲ್ಲಿ ನನಗೆ 7.4 ಇತ್ತು. "ಮನ್ಯಾಗ ಏನ್ ಊಟ ಮಾಡ್ತೀರವ್ವ?" ಎಂದು ಕೇಳಿದರು. ನಮ್ಮವರು ಅಭಿಮಾನದಿಂದ ಎಲ್ಲ ಹೇಳಿದರು: ಜೋಳ, ಸಜ್ಜಿ, ಸೊಪ್ಪು, ಕಾಳು, ಮನೆಯ ಮೊಸರು, ಗಾಣದ ಎಣ್ಣೆ. ಆಕೆ ಎಲ್ಲ ಕೇಳಿ ನನ್ನ ಕಡೆ ತಿರುಗಿ, "ಇದನ್ನೆಲ್ಲಾ ನೀವು ಉಣ್ಣತೀರೋ, ಮಾಡಿ ಹಾಕ್ತೀರೋ?" ಎಂದರು.

ನನಗೆ ಉತ್ತರ ಹೊಳೆಯಲಿಲ್ಲ. ಎಲ್ಲರಿಗೂ ಬಡಿಸಿ, ಎಮ್ಮೆ ಹಿಂಡಿ, ಕೊನೆಗೆ ಒಂದು ರೊಟ್ಟಿ ಖಾರ ಹಚ್ಚಿಕೊಂಡು ತಿಂದು, ಮೇಲೊಂದು ಕಪ್ಪು ಚಹಾ ಕುಡಿದರೆ ಅದೇ ನನ್ನ ಊಟ. ಪಲ್ಯ ಉಳಿದರೆ ಉಂಟು. ನಾನೊಬ್ಬಳೇ ಏನಲ್ಲ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಶೇಕಡ 47.8 ಮಂದಿಗೆ ರಕ್ತಹೀನತೆ ಇತ್ತು. ಎಂದರೆ ಈ ಪುಟ ಓದುವ ಇಬ್ಬರಲ್ಲಿ ಹತ್ತಿರ ಹತ್ತಿರ ಒಬ್ಬರು. ಬೆಳಿಗ್ಗೆ ಎದ್ದಾಗಲೇ ದಣಿವು, ಏರು ಹತ್ತಿದರೆ ಏದುಸಿರು, ಉಗುರು ಬಿಳಚುವುದು ಇದ್ದರೆ 'ಕೆಲಸದ ದಣಿವು' ಎಂದು ಸುಮ್ಮನಿರಬೇಡಿ. ರಕ್ತ ತೋರಿಸಿ. ನನಗೆ ಕಬ್ಬಿಣದ ಗುಳಿಗೆ ಕೊಟ್ಟರು. ಇಷ್ಟು ಇಳಿದ ಮೇಲೆ ಬರೀ ಸೊಪ್ಪಿನಿಂದ ಏರುವುದಿಲ್ಲವೆಂದು ಖಂಡಿತವಾಗಿ ಹೇಳಿದರು. ಊಟದ ಜೊತೆ ನಿಂಬೆಹುಳಿ ಇರಲಿ, ಊಟಕ್ಕೆ ಒಂದು ತಾಸು ಹಿಂದೆ ಮುಂದೆ ಚಹಾ ಬೇಡ ಎಂದರು. ಚಹಾ ಕಬ್ಬಿಣವನ್ನು ಮೈಗೆ ಹತ್ತಗೊಡುವುದಿಲ್ಲವಂತೆ.

ಮನೆಗೆ ಬಂದು ಎರಡು ದಿನ ಮಲಗಿದೆ. ಮಲಗಿದಲ್ಲೇ ಮಗಳ ಹಳೆಯ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಒಂದು ಲೆಕ್ಕ ಬರೆದೆ. ಮನೆಯ ಖರ್ಚನ್ನು ಬರೆದಿಡುವ ರೂಢಿ ಮೊದಲಿನಿಂದ ಇತ್ತು. ಈ ಸಲ ರೂಪಾಯಿಯ ಬದಲು ಹೊತ್ತು ಬರೆದೆ. ನಾಲ್ಕೂವರೆಗೆ ಏಳುವುದು. ಸಗಣಿ ಬಳಿಯುವುದು ಅರ್ಧ ತಾಸು. ಬೀಸುವುದು ಒಂದು ತಾಸು. ನಲ್ಲಿಯ ನೀರು ಬಿಟ್ಟ ದಿನ ನೀರು ತುಂಬುವುದು ಒಂದು ತಾಸು. ಒಲೆ, ರೊಟ್ಟಿ, ಪಲ್ಯ ಎರಡೂವರೆ ತಾಸು. ಹೊಲದಲ್ಲಿ ಕಳೆ ನಾಲ್ಕು ತಾಸು. ಕುಳ್ಳು ಬಡಿಯುವುದು, ಬಟ್ಟೆ, ಮುಸುರೆ, ಹಿಂಡುವುದು, ಕಾಳು ಹಸನು... ಕೂಡಿಸಿದರೆ ಹದಿನೈದು ತಾಸು ದಾಟಿತು. ಯಾರಿಗೂ ತೋರಿಸಬೇಕೆಂದು ಬರೆದದ್ದಲ್ಲ. ಆದರೆ ಮಗಳ ಕೈಗೆ ಸಿಕ್ಕಿತು. ಅತ್ತಿಗೆ ಓದು ಬಾರದು. "ನಿಮ್ಮವ್ವ ಏನ್ ಬರದಾಳ, ಓದು" ಎಂದರು. ಸಂಜೆ ಪಡಸಾಲೆಯಲ್ಲಿ ಎಲ್ಲರೂ ಕುಳಿತಾಗ ಆಕೆ ಗಟ್ಟಿಯಾಗಿ ಓದಿಬಿಟ್ಟಳು. ಕೊನೆಯ ಸಾಲು ಹೀಗಿತ್ತು: ನನ್ನ ಊಟ, ಹತ್ತು ನಿಮಿಷ.

ಅತ್ತಿ ಬಹಳ ಹೊತ್ತು ಮಾತಾಡಲಿಲ್ಲ. ನಾನು ಬೈಗುಳಕ್ಕೆ ಸಿದ್ಧಳಾಗಿದ್ದೆ. ನಲವತ್ತು ವರ್ಷ ಈ ಮನೆಯಲ್ಲಿ ಇದಕ್ಕಿಂತ ಹೆಚ್ಚು ದುಡಿದವರು ಅವರು; 1972ರ ಬರದಲ್ಲಿ ಎಳೆಯ ಹುಡುಗಿಯಾಗಿದ್ದಾಗಲೇ ಕಲ್ಲು ಹೊತ್ತವರು. 'ನಾವು ಮಾಡಲಿಲ್ಲೇನು?' ಎನ್ನುವ ಹಕ್ಕು ಅವರಿಗಿತ್ತು. ಆದರೆ ಅವರು ಮಗನ ಕಡೆ ತಿರುಗಿದರು.

"ಬೀಸೂ ಕಲ್ಲು ನನ್ನ ಮೊಣಕಾಲು, ರಟ್ಟಿ ಎರಡೂ ತಿಂದೈತಿ. ಊರಿಗೆ ಗಿರಣಿ ಬಂದ ದಿನ ನಾ ಹನುಮಪ್ಪಗ ಕಾಯಿ ಒಡಿಸಿದ್ದೆ. ನೀ ಮತ್ತ ಆ ಕಲ್ಲು ತಂದು ಇಟ್ಟಿ. ಬೇಕಂದ್ರ ನೀ ಬೀಸು. ನಿನ್ನ ಕೈಗೇನು ಮದರಂಗಿ ಹಚ್ಚೈತೇನು?"

ನಮ್ಮವರು ಬೀಸಿದರು. ನಿಜಕ್ಕೂ, ಮರುದಿನ ನಸುಕಿನಲ್ಲಿ ಎದ್ದು ಎರಡು ಕಿಲೋ ಬೀಸಲು ಕುಳಿತರು. ಮೂರನೆಯ ದಿನ ಸೈಕಲ್ಲಿನ ಹಿಂದೆ ಡಬ್ಬಿ ಕಟ್ಟಿಕೊಂಡು ಗಿರಣಿಗೆ ಹೋದರು. ಆಮೇಲೆ ಆ ಕಲ್ಲಿನ ಆರೋಗ್ಯದ ಗುಣಗಳ ಬಗ್ಗೆ ನಮ್ಮ ಮನೆಯಲ್ಲಿ ಮಾತು ಬಂದಿಲ್ಲ.

ಮಿಕ್ಸರ್ ಅಟ್ಟದಿಂದ ಇಳಿಯಿತು. ಗ್ಯಾಸ್ ಬಂತು. ಎರಡು ಎಮ್ಮೆಗಳಲ್ಲಿ ಒಂದನ್ನು ಮಾರಿದೆವು. ಇದನ್ನು ಹೇಳುವಾಗ ಈಗಲೂ ನನಗೆ ಸಂಕಟ. ಆದರೆ ಐದು ಜನಕ್ಕೆ ಒಂದು ಎಮ್ಮೆಯ ಹಾಲು ಸಾಕು. ಎರಡನೆಯದರ ಹಾಲು ಮಾರಿ ಬರುತ್ತಿದ್ದ ದುಡ್ಡು ಹೆಚ್ಚುಕಡಿಮೆ ಹಿಂಡಿ, ಹೊಟ್ಟಿಗೇ ಹೋಗುತ್ತಿತ್ತು. ಉಳಿಯುತ್ತಿದ್ದದ್ದು ನನ್ನ ಕೆಲಸ. ಬೇಕು ಎನ್ನುವುದನ್ನು ಕಡಿಮೆ ಮಾಡುವುದು ಸರಳತೆ ಎಂದು ಎಲ್ಲರೂ ಹೇಳುತ್ತಾರೆ. ಮಾಡಬೇಕು ಎನ್ನುವುದನ್ನೂ ಕಡಿಮೆ ಮಾಡಬೇಕೆಂದು ಯಾರೂ ಹೇಳುವುದಿಲ್ಲ.

ಇದು ನನ್ನೊಬ್ಬಳ ಮನೆಯ ತಕರಾರೆಂದು ತಿಳಿಯಬೇಡಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಪ್ರೊ. ಅಮೂಲ್ಯ ರೆಡ್ಡಿಯವರು 'ಅಸ್ತ್ರ' ಎಂಬ ಕೇಂದ್ರವನ್ನು ಆರಂಭಿಸಿದ್ದರು. ಹಳ್ಳಿಗೆ ತಕ್ಕ ಯಂತ್ರ ಮಾಡುವುದು ಅದರ ಉದ್ದೇಶ. ಅಲ್ಲಿಯವರು ಯಂತ್ರ ಮಾಡುವ ಮೊದಲು ಕುಣಿಗಲ್ ಸೀಮೆಯ ಹಳ್ಳಿಗಳಿಗೆ ಹೋಗಿ ಮನೆ ಮನೆಯಲ್ಲಿ ಯಾರು ಎಷ್ಟು ದುಡಿಯುತ್ತಾರೆಂದು ಲೆಕ್ಕ ಹಾಕಿದರು. ಉರುವಲು, ನೀರು, ಅಡುಗೆ, ಹೊಲ ಎಲ್ಲ ಕೂಡಿಸಿದರೆ ಹೆಂಗಸರ ಪಾಲೇ ಹೆಚ್ಚೆಂದು ಕಂಡಿತು. ಹೊಗೆ ಕಡಿಮೆ, ಕಟ್ಟಿಗೆ ಕಡಿಮೆ ಎಂದು ಹೆಸರಾದ ಮೂರು ಪಾತ್ರೆಯ 'ಅಸ್ತ್ರ ಒಲೆ' ಆ ಕೇಂದ್ರದ್ದೇ. ಅಲ್ಲಿಯ ಪುರ ಎಂಬ ಹಳ್ಳಿಯಲ್ಲಿ 1987ರಿಂದ ಊರ ಸಗಣಿಯ ಅನಿಲದಿಂದ ಎಂಜಿನ್ ನಡೆಸಿ ಮನೆಗಳಿಗೆ ನೀರು, ದೀಪ ಕೊಟ್ಟರು. ಹಳೆಯ ಮಾತಾಯಿತೆನ್ನುತ್ತೀರಾ? 2024ರ ಸರಕಾರಿ ಸಮಯ ಬಳಕೆ ಸಮೀಕ್ಷೆ ನೋಡಿ: ಸಂಬಳವಿಲ್ಲದ ಮನೆಗೆಲಸಕ್ಕೆ ಹೆಂಗಸರು ದಿನಕ್ಕೆ 289 ನಿಮಿಷ ಕೊಟ್ಟರೆ ಗಂಡಸರು 88 ನಿಮಿಷ. ಅದೂ ಮನೆಗೆಲಸ ಮಾಡುವ ಗಂಡಸರ ಲೆಕ್ಕ. ಮಾಡದೇ ಇರುವವರನ್ನು ಅದರಲ್ಲಿ ಸೇರಿಸಿಲ್ಲ!

ನಮ್ಮ ಹಿತ್ತಲಲ್ಲಿ ಈಗ ಗೋಬರ್ ಗ್ಯಾಸ್ ಇದೆ. 1984ರಲ್ಲಿ ಬಂದ 'ದೀನಬಂಧು' ಮಾದರಿ, ಎರಡು ಘನ ಮೀಟರಿನದು. ಪೂರ್ತಿ ನಡೆಯಲು ದಿನಕ್ಕೆ ಐವತ್ತು ಕಿಲೋ ಸಗಣಿ ಬೇಕು. ಎರಡು ಎತ್ತು, ಒಂದು ಎಮ್ಮೆಯಿಂದ ಅಷ್ಟು ಆಗುವುದಿಲ್ಲ. ಒಂದು ಹೊತ್ತಿನ ಅಡುಗೆಗೆ ಚಿಂತೆಯಿಲ್ಲ. ಸಗಣಿಗೆ ಸಮನಾಗಿ ನೀರು ಕಲಸಿ ಹಾಕುವುದು ನಮ್ಮವರ ಕೆಲಸ, ಹೊರಬರುವ ರಾಡಿ ತಿಪ್ಪೆಗೆ. ಕುಳ್ಳು ಬಡಿಯುವುದು ನಿಂತಿತು. ಸಿಲಿಂಡರೂ ಇದೆ, ಅದನ್ನು ಮುಚ್ಚಿಡುವುದಿಲ್ಲ.

ರೊಟ್ಟಿಯ ಕಥೆಯೊಂದನ್ನು ಹೇಳಲೇಬೇಕು. ವಾರದಲ್ಲಿ ಮೂರು ದಿನ ರೊಟ್ಟಿ ಮಗನದು ಎಂದು ಅತ್ತಿ ತೀರ್ಪು ಕೊಟ್ಟರು. ಕೊಣಮಿಗೆಯ ಮುಂದೆ ಮಗನನ್ನು ಕೂರಿಸಿ, "ಎಸರು ಕುದಿಬೇಕು, ಹಿಟ್ಟಿನ ನಡುವ ಹಾಕು, ನಾದು, ಇನ್ನಾ ನಾದು" ಎಂದು ಕಲಿಸಿದರು. ಮೊದಲ ರೊಟ್ಟಿ ಹಂಚಿನ ಮೇಲೆ ಮೂರು ತುಂಡಾಯಿತು. ಮಗ "ಅಪ್ಪಾ, ಇದು ಶ್ರೀಲಂಕಾ" ಎಂದ. ಬಡಿಯುವ ಸಪ್ಪಳ ಓಣಿಗೆ ಕೇಳುತ್ತದಲ್ಲ, ಕಟ್ಟೆಯ ಮೇಲಿನವರು ವಿಷಯ ತಿಳಿದು ನಗಾಡಿದರು. ಒಬ್ಬ ಹಿರಿಯರು ಬಾಗಿಲಿಗೇ ಬಂದು, "ಏನ್ ತಮ್ಮಾ, ಹೆಂಡತಿ ತವರಿಗೆ ಹೋಗ್ಯಾಳೇನು?" ಎಂದರು. "ಇಲ್ರಿ ಕಾಕಾ, ಒಳಗ ಉಣ್ಣಾಕತ್ತಾಳ" ಎಂದರು ನಮ್ಮವರು. ಮದುವೆಯಾಗಿ ಹದಿನಾಲ್ಕು ವರ್ಷಕ್ಕೆ ಅವರು ನನ್ನ ಬಗ್ಗೆ ಆಡಿದ ಅತ್ಯಂತ ಚೆಂದದ ಮಾತು ಅದು.

ಈಗ ನಾವು ಎಲ್ಲರೂ ಒಟ್ಟಿಗೆ ಉಣ್ಣುತ್ತೇವೆ. ರೊಟ್ಟಿ ಬುಟ್ಟಿ, ಪಲ್ಯದ ಬೋಗುಣಿ ನಡುವೆ. ಬೇಕಾದವರು ಹಾಕಿಕೊಳ್ಳುವುದು. ನನ್ನ ರಕ್ತ ಹನ್ನೊಂದೂವರೆಗೆ ಬರಲು ಎಂಟು ತಿಂಗಳು ಹಿಡಿಯಿತು.

ಪುಂಡಿಪಲ್ಯದ ವಿಷಯ ಹೇಳಿ ರೀತಿ ಹೇಳದಿದ್ದರೆ ನೀವು ಬಿಡುತ್ತೀರಾ! ಎರಡು ಕಟ್ಟು ಪುಂಡಿಸೊಪ್ಪನ್ನು ಬಿಡಿಸಿ ತೊಳೆದು, ಮುಳುಗುವಷ್ಟು ನೀರಿನಲ್ಲಿ ಒಂದು ಕುದಿ ಬರಿಸಿ ಬಸಿಯಿರಿ, ಹುಳಿ ಹದಕ್ಕೆ ಬರುತ್ತದೆ. ಅರ್ಧ ಬಟ್ಟಲು ತೊಗರಿಬೇಳೆ, ಎರಡು ದೊಡ್ಡ ಚಮಚೆ ಜೋಳದ ನುಚ್ಚು, ಒಂದು ಹಿಡಿ ಶೇಂಗಾ, ಆರು ಹಸಿಮೆಣಸಿನಕಾಯಿ ಇವುಗಳ ಜೊತೆ ಸೊಪ್ಪನ್ನು ಸೇರಿಸಿ ಕುಕ್ಕರಿನಲ್ಲಿ ಮೂರು ಸೀಟಿ. (ಅತ್ತಿಯ ಕಾಲಕ್ಕೆ ಗಡಿಗೆಯಲ್ಲಿ ಒಂದು ತಾಸು ಬೇಯುತ್ತಿತ್ತು. ರುಚಿಯಲ್ಲಿ ವ್ಯತ್ಯಾಸವಿಲ್ಲವೆಂದು ಅವರೇ ಹೇಳಿದ್ದಾರೆ.) ಉಪ್ಪು, ಅರಿಸಿನ ಹಾಕಿ ಕಡಗೋಲಿನಿಂದ ಚೆನ್ನಾಗಿ ಮಸೆದು, ಮೇಲೆ ಎಣ್ಣೆಯಲ್ಲಿ ಜಜ್ಜಿದ ಹತ್ತು ಎಸಳು ಬೆಳ್ಳುಳ್ಳಿ, ಸಾಸಿವೆ, ಜೀರಿಗೆಯ ಒಗ್ಗರಣೆ ಕೊಡಿ. ಎರಡು ದಿನ ಇಟ್ಟರೂ ಕೆಡುವುದಿಲ್ಲ, ಎರಡನೆಯ ದಿನವೇ ಹೆಚ್ಚು ರುಚಿ. ಒಂದು ದಿನ ಮಾಡಿ ಎರಡು ದಿನ ಉಣ್ಣುವ ಪಲ್ಯ ನಮ್ಮ ಹಿರಿಯ ಹೆಂಗಸರ ಜಾಣತನ.

ಹಾಗೆಂದು ಹಳೆಯದೆಲ್ಲ ಕೆಟ್ಟದ್ದೆಂದು ನಾನು ಹೇಳಲಾರೆ. 2023ರಲ್ಲಿ ಮಳೆ ಕೈಕೊಟ್ಟು ರಾಜ್ಯದ 236 ತಾಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಸಾರಿದರಲ್ಲ, ಆ ವರ್ಷ ನಮ್ಮ ಎರಡು ಎಕರೆ ಜೋಳ ಮೊಣಕಾಲೆತ್ತರಕ್ಕೇ ಒಣಗಿತು. ದನಕ್ಕೆ ಮೇವಾಯಿತು, ಕಾಳು ಆಗಲಿಲ್ಲ. ಆಗ ನಮ್ಮನ್ನು ಉಳಿಸಿದ್ದು ಅತ್ತಿಯ ಹಟ. ಹಿಂದಿನ ವರ್ಷದ ಫಸಲು ಮಾರುವಾಗ, "ಒಂದು ವರ್ಷದ್ದು ಮನ್ಯಾಗ ಇರಬೇಕು, ಅದಕ್ಕ ಕೈ ಹಚ್ಚಬ್ಯಾಡ್ರಿ" ಎಂದು ಎಂಟು ಕ್ವಿಂಟಲ್ ತೆಗೆದಿರಿಸಿದ್ದರು. ಅವರ ಕಾಲದಲ್ಲಿ ಹಗೇವು ಇತ್ತು. ನೆಲದಲ್ಲಿ ತೋಡಿ, ಸುತ್ತ ಹುಲ್ಲಿನ ಹೊದಿಕೆ ಕೊಟ್ಟು, ಗಾಳಿಯಾಡದಂತೆ ಬಾಯಿ ಮುಚ್ಚಿದರೆ ಜೋಳ ವರ್ಷಗಟ್ಟಲೆ ಇರುತ್ತಿತ್ತು. ತೆಗೆಯುವಾಗ ಮಾತ್ರ ಎಚ್ಚರ ಬೇಕು. ಒಳಗೆ ಕೆಟ್ಟ ಗಾಳಿ ನಿಂತಿರುತ್ತದೆ, ಬಾಯಿ ತೆರೆದು ಬಿಟ್ಟು, ದೀಪ ಇಳಿಬಿಟ್ಟು ಅದು ಆರದಿದ್ದರೆ ಮಾತ್ರ ಇಳಿಯುವುದು. ನಾವು ತಗಡಿನ ದೊಡ್ಡ ಡಬ್ಬಿಗಳಲ್ಲಿ ಚೆನ್ನಾಗಿ ಒಣಗಿಸಿದ ಕಾಳು, ನಡುನಡುವೆ ಬೇವಿನ ಎಲೆ ಹಾಕಿ ಇಡುತ್ತೇವೆ. ಬರದ ವರ್ಷ ಪೇಟೆಯಲ್ಲಿ ಜೋಳದ ದರ ಕೇಳಿದಾಗಲೆಲ್ಲ ನಮ್ಮವರು ಡಬ್ಬಿಯ ಕಡೆ ನೋಡಿ ತಾಯಿಗೆ ಕೈಮುಗಿಯುತ್ತಿದ್ದರು.

ದುಡ್ಡಿಲ್ಲದ ಜೀವನವೂ ನಮ್ಮದಲ್ಲ. ಉಪ್ಪು, ಬೆಲ್ಲ, ಚಹಾಪುಡಿ, ಸಾಲೆಯ ಫೀಜು, ಔಷಧಿ, ಮೊಬೈಲು ಹೊಲದಲ್ಲಿ ಬೆಳೆಯುವುದಿಲ್ಲ. ಕಡಲೆ ಮಾರಿದ ದುಡ್ಡು, ಬರದ ವರ್ಷ ಉದ್ಯೋಗ ಖಾತ್ರಿಯ ಕೂಲಿ, 2023ರಿಂದ ಅತ್ತಿಯ ಹೆಸರಿಗೆ ಬರುವ ಗೃಹಲಕ್ಷ್ಮಿಯ ಎರಡು ಸಾವಿರ, ಇವೆಲ್ಲ ಸೇರಿ ಗಾಡಿ ಸಾಗುತ್ತದೆ. ಮುಚ್ಚಿಡುವುದರಲ್ಲಿ ಏನಿದೆ?

ನವಣೆಯೊಂದು ಮಾತ್ರ ನನಗೆ ಉಳಿದ ಆಸೆ. ಮಸಾರಿಯಲ್ಲಿ ಅದು ಚೆನ್ನಾಗಿ ಬರುತ್ತದೆ, ಆದರೆ ಸಿಪ್ಪೆ ತೆಗೆಯಲು ಒಳ್ಳಿನಲ್ಲಿ ಕುಟ್ಟಬೇಕು. 2023ನ್ನು ಜಗತ್ತೇ ಸಿರಿಧಾನ್ಯ ವರ್ಷವೆಂದು ಆಚರಿಸಿದಾಗ ಎಷ್ಟೊಂದು ಭಾಷಣಗಳಾದವು, ನಮ್ಮ ಅಡುಗೆಮನೆಯಿಂದ ನವಣೆ ಯಾಕೆ ಹೋಯಿತೆಂದು ಅತ್ತಿಯನ್ನು ಕೇಳಿದ್ದರೆ ಒಂದೇ ಮಾತಿನಲ್ಲಿ ಹೇಳುತ್ತಿದ್ದರು: "ಕುಟ್ಟೋರು ಯಾರು?" ಕುಂದಗೋಳ ತಾಲೂಕಿನ ತೀರ್ಥ ಗ್ರಾಮದ ಬೀಬಿ ಫಾತಿಮಾ ಸ್ವಸಹಾಯ ಸಂಘದ ಹೆಣ್ಣುಮಕ್ಕಳು ಇದಕ್ಕೆ ಉತ್ತರ ಕಂಡುಕೊಂಡಿದ್ದಾರೆ. ದೇಸಿ ಬೀಜ ಕೂಡಿಟ್ಟು ಹಂಚುವುದರ ಜೊತೆಗೆ ಸಿರಿಧಾನ್ಯ ಹಸನು ಮಾಡುವ ಯಂತ್ರವನ್ನೂ ತಾವೇ ನಡೆಸುತ್ತಾರೆ. 2025ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮದವರು ಅವರಿಗೆ ಈಕ್ವೇಟರ್ ಪ್ರಶಸ್ತಿ ಕೊಟ್ಟರು. ನಮ್ಮ ಸಂಘದ ನಾಲ್ಕು ಜನ ಹೋಗಿ ನೋಡಿ ಬರಬೇಕೆಂದಿದ್ದೇವೆ. ಬಸ್ಸಿಗೆ ಹೆಂಗಸರಿಗೆ ಚಾರ್ಜಿಲ್ಲ, ಆಧಾರ್ ಚೀಟಿ ಇದ್ದರಾಯಿತು.

ಗೆಳತಿ ಹೊರಡುವ ದಿನ ಗುರೆಳ್ಳು ಚಟ್ನಿಪುಡಿ, ಅಗಸಿ ಚಟ್ನಿಪುಡಿ, ಐದು ಕಿಲೋ ಜೋಳ ಕಟ್ಟಿಕೊಟ್ಟೆ. ಸ್ಟೇಶನ್ನಿನಲ್ಲಿ ಆಕೆ ಮತ್ತೆ, "ಖರೇನ ಹೇಳು, ನಾವು ಬಂದು ಹಳ್ಯಾಗ ಇದ್ರ ಹೆಂಗ?" ಎಂದಳು. ಆಗ ತಡೆಯಲಾಗಲಿಲ್ಲ. "ಮೊದಲ ನಿಮ್ಮ ಯಜಮಾನರನ್ನ ಒಂದು ವಾರದ ಮಟ್ಟಿಗೆ ನಮ್ಮನಿಗೆ ಕಳಿಸು. ನೀ ಬರಬ್ಯಾಡ. ರೊಟ್ಟಿ, ಸಗಣಿ, ನೀರು ಮೂರೂ ಮಾಡಿ ಹೋಗಲಿ. ಆಮೇಲೂ ಅವರ ಮನಸ್ಸು ಗಟ್ಟಿ ಇದ್ರ, ನಮ್ಮ ಓಣ್ಯಾಗ ಒಂದು ಮನಿ ಖಾಲಿ ಐತಿ, ನಾನೇ ಕೇಳತೀನಿ" ಎಂದೆ.

ಬಂಡಿ ಬಂತು, ಹತ್ತಿಸಿದೆ. ಇಷ್ಟರವರೆಗೆ ಅವರ ಯಜಮಾನರು ಬಂದಿಲ್ಲ. ಚಟ್ನಿಪುಡಿ ಮಾತ್ರ ಮುಗಿದಿದೆಯಂತೆ, ಫೋನು ಮಾಡಿದ್ದಳು.